ಅದಿರು ಮಾರುವುದಿಲ್ಲ ಎಂದ ಇಂಡೋನೇಷ್ಯಾ ಗೆದ್ದಿತೋ, ಸೋತಿತೋ?

ಗಣಿಗಾರಿಕೆಯ ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆ ಇದು: ಇಂಡೋನೇಷ್ಯಾ ನಿಕಲ್ ಅದಿರಿನ ರಫ್ತು ನಿಲ್ಲಿಸಿತಲ್ಲ, ಅದರಿಂದ ಆ ದೇಶಕ್ಕೆ ಒಳ್ಳೆಯದಾಯಿತೇ? ರಫ್ತು ನಿಲ್ಲಿಸಿದ್ದು ಸರಿ ಎನ್ನುವುದೇ ನನ್ನ ಉತ್ತರ. ತಪ್ಪಿದ್ದು ಅದರ ನಂತರ. ಕುಲುಮೆ ಹಚ್ಚುವುದಕ್ಕಿದ್ದ ಅವಸರ ಅದರ ಕಸ ಎಲ್ಲಿ ಹಾಕುವುದು ಎಂದು ಯೋಚಿಸುವುದಕ್ಕೆ ಇರಲಿಲ್ಲ.

ಹಣದ ವಿಷಯ ಬೇಗ ಮುಗಿಯುತ್ತದೆ. 2014ರಲ್ಲಿ ಮೊದಲ ನಿಷೇಧ, 2017ರಲ್ಲಿ ಸಡಿಲಿಕೆ, 2020ರ ಜನವರಿ 1ರಿಂದ ಪೂರ್ತಿ ಬಂದ್. ಅದಿರು ಬೇಕಿದ್ದವರು ಅಲ್ಲಿಗೇ ಬಂದು ಕಾರ್ಖಾನೆ ಹಾಕಬೇಕಾಯಿತು. ಮುಖ್ಯವಾಗಿ ಚೀನಾದ ಕಂಪನಿಗಳು ಬಂದವು. ಸುಲಾವೆಸಿ ದ್ವೀಪದ ಮೊರೊವಾಲಿ, ಹಲ್ಮಹೇರಾ ದ್ವೀಪದ ವೆಡಾ ಬೇ ಕೈಗಾರಿಕಾ ನಗರಗಳಾದವು. ನಿಕಲ್ ರಫ್ತಿನ ಗಳಿಕೆ ಕೆಲವೇ ವರ್ಷಗಳಲ್ಲಿ ಸುಮಾರು 3 ಶತಕೋಟಿ ಡಾಲರಿನಿಂದ 30 ಶತಕೋಟಿ ದಾಟಿತು. ಐರೋಪ್ಯ ಒಕ್ಕೂಟ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು 2022ರಲ್ಲಿ ಗೆದ್ದರೂ, ಇಂಡೋನೇಷ್ಯಾ ಮೇಲ್ಮನವಿ ಹಾಕಿತು. ಅದನ್ನು ಕೇಳುವ ಪೀಠದಲ್ಲಿ ಸದಸ್ಯರೇ ಇಲ್ಲ. ನಿಷೇಧ ಹಾಗೇ ಉಳಿಯಿತು.

ಇನ್ನು ಮಣ್ಣಿನ ವಿಷಯ. ಅಲ್ಲಿನ ನಿಕಲ್ ಇರುವುದು ನಮ್ಮ ಕರಾವಳಿಯ ಮುರಕಲ್ಲಿನ ಜಾತಿಯ ಕೆಂಪು ಮಣ್ಣಿನಲ್ಲಿ. ಸುರಂಗ ಕೊರೆಯುವ ಹಾಗಿಲ್ಲ. ಕಾಡು ಕಡಿದು ಗುಡ್ಡವನ್ನು ಮೇಲಿಂದ ಹೆರೆಯಬೇಕು. ಕೆಳಗಿನ ಪದರದಲ್ಲಿ ನಿಕಲ್ ಶೇ. 1.5ರಿಂದ 2ರಷ್ಟು. ಅದನ್ನು ತಿರುಗುವ ಗೂಡಿನಲ್ಲಿ ಕಾಯಿಸಿ, ವಿದ್ಯುತ್ ಕುಲುಮೆಯಲ್ಲಿ ಕರಗಿಸಿದರೆ ಸ್ಟೇನ್‌ಲೆಸ್ ಸ್ಟೀಲಿಗೆ ಬೇಕಾದ ಕಚ್ಚಾ ಲೋಹ ಸಿಗುತ್ತದೆ. ಆ ಕುಲುಮೆಗಳಿಗೆ ಕರೆಂಟು ಬರುವುದು ಬಹುಪಾಲು ಕಲ್ಲಿದ್ದಲಿನಿಂದ. 2022ರ ಅಧ್ಯಕ್ಷರ ಆದೇಶ ಹೊಸ ಕಲ್ಲಿದ್ದಲು ಸ್ಥಾವರಗಳನ್ನು ತಡೆದರೂ, ಅದಿರು ಸಂಸ್ಕರಿಸುವ ಉದ್ಯಮಗಳ ಸ್ವಂತ ಸ್ಥಾವರಗಳಿಗೆ ವಿನಾಯಿತಿ ಕೊಟ್ಟಿತು.

ಬ್ಯಾಟರಿಗೆ ಹೋಗುವುದು ಮೇಲಿನ ಪದರ. ಅದನ್ನು ಗಂಧಕಾಮ್ಲದಲ್ಲಿ, ಸುಮಾರು 250 ಡಿಗ್ರಿ ಶಾಖದಲ್ಲಿ, ವಾತಾವರಣದ 40 ಪಟ್ಟಿಗೂ ಮೀರಿದ ಒತ್ತಡದಲ್ಲಿ ಬೇಯಿಸುತ್ತಾರೆ. ಲೆಕ್ಕ ಹಾಕಿ ನೋಡಿ: ಅದಿರಿನಲ್ಲಿ ನಿಕಲ್ ಶೇ. 1.1 ಇದ್ದು, ಅದರಲ್ಲಿ ಶೇ. 90 ಕೈಗೆ ಬಂದರೂ 1 ಟನ್ ನಿಕಲ್‌ಗೆ ಸುಮಾರು 100 ಟನ್ ಒಣ ಅದಿರು ಬೇಕು. ಉಳಿದ ಆಮ್ಲವನ್ನು ಸುಣ್ಣಕಲ್ಲು ಹಾಕಿ ತಣಿಸುವಾಗ ಜಿಪ್ಸಮ್ ಹುಟ್ಟುತ್ತದೆ. ಹಾಗಾಗಿ ಕೊನೆಗೆ ಬೀಳುವ ಕಸ ಒಳಗೆ ಹೋದ ಅದಿರಿಗಿಂತಲೂ ಹೆಚ್ಚು. ಅದನ್ನು ಹಿಂಡಿ ಗುಡ್ಡೆ ಹಾಕುತ್ತಾರೆ. ಹಿಟ್ಟಿನಷ್ಟು ನುಣುಪಾದ ಈ ಕೆಸರು ನೀರನ್ನು ಸುಲಭವಾಗಿ ಬಿಡುವುದಿಲ್ಲ. ಮೇಲೆ ಜಡಿಮಳೆ, ಕೆಳಗೆ ಭೂಕಂಪದ ನೆಲ. 2025ರ ಮಾರ್ಚ್‌ನಲ್ಲಿ ಮೊರೊವಾಲಿಯಲ್ಲಿ ಇಂಥ ಗುಡ್ಡೆ ಜಾರಿ ಕಾರ್ಮಿಕರು ಸತ್ತರು. ಗಣಿ ಮುಚ್ಚಿದರೂ ಇಂಥ ಕಸ ಹೋಗುವುದಿಲ್ಲ. ನಮ್ಮ ಕುದುರೆಮುಖದಲ್ಲಿ ಕಬ್ಬಿಣದ ಗಣಿ ನಿಂತದ್ದು 2005ರ ಕೊನೆಗೆ. ಆ ಗಣಿಯ ಕಸ ತಡೆಯಲು ಕಟ್ಟಿದ ಲಕ್ಯಾ ಅಣೆಕಟ್ಟೆಯ ಹಿಂದಿನ ಹೂಳು ಇನ್ನೂ ಅಲ್ಲೇ ಇದೆ.

ಕೊಚ್ಚಿ ಬರುವ ಮಣ್ಣನ್ನು ಹಿಡಿಯಲು ಗಣಿಯ ಕೆಳಗೆ ತೋಡುವ ಹೂಳುಗುಂಡಿಗಳದ್ದೂ ಇದೇ ಕಥೆ. ಮಳೆಗೆ ಮುಂಚೆ ಬರಿದು ಮಾಡದಿದ್ದರೆ ಒಂದೇ ದೊಡ್ಡ ಮಳೆಗೆ ತುಂಬಿ ಚೆಲ್ಲುತ್ತವೆ. ಕೆಂಪು ನೀರು ಸಮುದ್ರ ಸೇರಿ ಹವಳದ ಮೇಲೆ ಕೂತರೆ ಅದಕ್ಕೆ ಬೆಳಕಿಲ್ಲ, ಉಸಿರಿಲ್ಲ. ಮೀನು ದೂರ ಸರಿಯುತ್ತದೆ, ಮೀನುಗಾರ ಡೀಸೆಲ್ ಸುಟ್ಟು ಇನ್ನೂ ಆಚೆ ಹೋಗಬೇಕು. ಹವಳಕ್ಕೆ ಹೆಸರಾದ ರಾಜಾ ಅಂಪತ್ ದ್ವೀಪಗಳಿಗಾಗಿ ಜನ ದನಿ ಎತ್ತಿದ ಮೇಲೆ 2025ರ ಜೂನ್‌ನಲ್ಲಿ ಅಲ್ಲಿನ ಐದು ಗಣಿ ಪರವಾನಗಿಗಳಲ್ಲಿ ನಾಲ್ಕು ರದ್ದಾದವು. 2,000 ಚದರ ಕಿಲೋಮೀಟರಿಗಿಂತ ಚಿಕ್ಕ ದ್ವೀಪಗಳಿಗೆ ರಕ್ಷಣೆ ಕೊಡುವ ಕಾನೂನು ಮೊದಲೇ ಇತ್ತು. ಜನ ಕೂಗುವ ತನಕ ಕಾಯಬೇಕಾಗಿರಲಿಲ್ಲ.

ಹಾಗಾದರೆ ಏನು ಮಾಡಬೇಕು ಎಂದೂ ಕೇಳುತ್ತಾರೆ. ಕಸದ ಗುಡ್ಡೆಗೆ ಗಟ್ಟಿ ಜಾಗ ತೋರಿಸದ ಆಮ್ಲ ಘಟಕಕ್ಕೆ ಅನುಮತಿ ಕೊಡಬಾರದು. ಚಿಕ್ಕ ದ್ವೀಪಗಳನ್ನು ಮುಟ್ಟಬಾರದು. ಹೊಸ ಉದ್ಯಮಗಳಿಗೆ 20 ವರ್ಷದವರೆಗೂ ಕೊಡುತ್ತಾ ಬಂದ ತೆರಿಗೆ ರಜೆಯನ್ನು ಕಲ್ಲಿದ್ದಲು ಬಿಡುವ ಷರತ್ತಿಗೆ ಕಟ್ಟಬೇಕು. 2025ರ ಏಪ್ರಿಲ್‌ನಲ್ಲಿ ಅದಿರಿನ ರಾಜಧನ ಶೇ. 10ರಿಂದ, ಬೆಲೆಗೆ ತಕ್ಕಂತೆ, ಶೇ. 14ರಿಂದ 19ಕ್ಕೆ ಏರಿದೆ. ಆ ಹೆಚ್ಚುವರಿ ಹಣದಲ್ಲಿ ಒಂದು ಪಾಲನ್ನು, ಗಣಿ ಮುಚ್ಚಿ ಕಂಪನಿ ಹೊರಟ ಮೇಲೂ ಆ ಗುಡ್ಡೆಗಳನ್ನು ಕಾಯುವುದಕ್ಕೆಂದು ಈಗಲೇ ಎತ್ತಿಡಬೇಕು.