ಗಾಡಿ ಮನೆಗೆ ಬರುವ ಮುನ್ನ ಗೋಡೆಯ ಸಾಕೆಟ್ ನೋಡಿ

ಎಲೆಕ್ಟ್ರಿಕ್ ಗಾಡಿ ಕೊಳ್ಳುವವರು ರೇಂಜ್ ಎಷ್ಟು, ಬ್ಯಾಟರಿ ವಾರಂಟಿ ಎಷ್ಟು ವರ್ಷ ಎಂದೆಲ್ಲ ವಿಚಾರಿಸುತ್ತಾರೆ. ರಾತ್ರಿಯಿಡೀ ಅದು ಯಾವ ಸಾಕೆಟ್‌ನಿಂದ ಕರೆಂಟ್ ಎಳೆಯುತ್ತದೆ ಎಂದು ಕೇಳುವವರು ಕಡಿಮೆ. ಪ್ಲಗ್ ಕರಗುವುದು, ಮಧ್ಯರಾತ್ರಿ ಚಾರ್ಜಿಂಗ್ ನಿಂತುಹೋಗುವುದು, ಗಾಡಿ ಮುಟ್ಟಿದರೆ ಜುಮ್ ಎನ್ನುವುದು, ಇವುಗಳ ಮೂಲ ಹುಡುಕುತ್ತ ಹೋದರೆ ಸಾಮಾನ್ಯವಾಗಿ ತಲುಪುವುದು ಮನೆಯ ವೈರಿಂಗ್‌ಗೇ.

ಮೊದಲು ಲೆಕ್ಕ. ಸ್ಕೂಟರ್ ಜೊತೆ ಬರುವ ಚಾರ್ಜರ್‌ಗಳು ಹೆಚ್ಚಾಗಿ 650ರಿಂದ 950 ವ್ಯಾಟ್‌ನವು. 230 ವೋಲ್ಟ್‌ನಲ್ಲಿ ಅವು ಎಳೆಯುವುದು ಮೂರರಿಂದ ನಾಲ್ಕೂವರೆ ಆಂಪಿಯರ್. ಇಸ್ತ್ರಿ ಪೆಟ್ಟಿಗೆಗಿಂತ ಹೆಚ್ಚೇನಲ್ಲ. ಕಾರಿನ ಪೋರ್ಟಬಲ್ ಚಾರ್ಜರ್ 3.3 ಕಿಲೋವ್ಯಾಟ್, ಅಂದರೆ ಸುಮಾರು 15 ಆಂಪಿಯರ್. ಗೀಸರ್ ಕೂಡ ಹತ್ತಿರ ಹತ್ತಿರ ಅಷ್ಟೇ ಎಳೆಯುತ್ತದೆ, ಆದರೆ ಕಾಲು ಗಂಟೆಯಲ್ಲಿ ಕಟ್ ಆಗುತ್ತದೆ. 30 ಯೂನಿಟ್ ಬ್ಯಾಟರಿಯ ಕಾರು ಖಾಲಿಯಿಂದ ತುಂಬಲು ಒಂಬತ್ತು ಹತ್ತು ಗಂಟೆ ಬಿಡುವಿಲ್ಲದೆ ಎಳೆಯುತ್ತದೆ. ‘ಗೀಸರ್ ಪಾಯಿಂಟ್ ಇದೆಯಲ್ಲ, ಸಾಕು’ ಎಂಬ ಮಾತು ಕಾರಿಗೆ ಹೊಂದದಿರುವುದು ಇದಕ್ಕೇ.

ಪ್ಲಗ್ ಕರಗುವುದು ಹೇಗೆ ನೋಡಿ. ಸಾಕೆಟ್‌ನೊಳಗಿನ ಹಿತ್ತಾಳೆಯ ಹಿಡಿತ ಸಡಿಲವಾಗಿಯೋ, ಹಿಂದಿನ ಸ್ಕ್ರೂ ಬಿಗಿಯಾಗದೆಯೋ ಅಲ್ಲಿ 0.1 ಓಮ್ ರೋಧ ಹುಟ್ಟಿಕೊಂಡಿತು ಎನ್ನಿ. ಶಾಖ ಏರುವುದು ಕರೆಂಟಿನ ವರ್ಗದಂತೆ. ಸ್ಕೂಟರಿನ 4 ಆಂಪಿಯರ್‌ಗೆ ಅಲ್ಲಿ ಒಂದೂವರೆ ವ್ಯಾಟ್ ಬಿಸಿ, ಅದು ಗೊತ್ತೂ ಆಗುವುದಿಲ್ಲ. ಕಾರಿನ 15 ಆಂಪಿಯರ್‌ಗೆ ಅದೇ ಜಾಗದಲ್ಲಿ ಇಪ್ಪತ್ತೆರಡೂವರೆ ವ್ಯಾಟ್. ಸಾಲ್ಡರಿಂಗ್ ಕಡ್ಡಿಯಷ್ಟು ಬಿಸಿಯನ್ನು ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟಂತೆ. ಬಿಸಿಗೆ ಹಿತ್ತಾಳೆಯ ಬಿಗಿ ಇನ್ನಷ್ಟು ಸಡಿಲವಾಗುತ್ತದೆ, ರೋಧ ಇನ್ನೂ ಹೆಚ್ಚುತ್ತದೆ. ಇಷ್ಟಾದರೂ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಕಟ್ ಆಗುವ ಸ್ವಿಚ್, ಬೀಳುವುದಿಲ್ಲ. ಅದರ ಲೆಕ್ಕದಲ್ಲಿ ಕರೆಂಟ್ ಮಿತಿಯೊಳಗೇ ಇದೆ.

ಆದ್ದರಿಂದ ಹಳೆಯ ಸಾಕೆಟ್ ನೆಚ್ಚಬೇಡಿ. ಐಎಸ್‌ಐ ಗುರುತಿನ ಹೊಸ 16 ಆಂಪಿಯರ್ ಸಾಕೆಟ್ ಹಾಕಿಸಿ. ಕಾರಿಗಾದರೆ ಲೋಹದ ಡಬ್ಬಿಯ ಇಂಡಸ್ಟ್ರಿಯಲ್ ಸಾಕೆಟ್ ಇನ್ನೂ ಒಳ್ಳೆಯದು, ಚಾರ್ಜರ್‌ನ ಪ್ಲಗ್ ಅದಕ್ಕೆ ಹೊಂದುತ್ತದೆಯೇ ನೋಡಿಕೊಳ್ಳಿ. ಮೀಟರ್ ಬೋರ್ಡ್‌ನಿಂದ ಬೇರೆಯೇ ಲೈನ್ ಎಳೆಸಿ, ನಡುವೆ ಜಾಯಿಂಟ್ ಇರಬಾರದು. ಸ್ಕೂಟರ್‌ಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರ್, 16 ಆಂಪಿಯರ್ ಎಂಸಿಬಿ ಸಾಕು. ಕಾರಿನ 15 ಆಂಪಿಯರ್ ಚಾರ್ಜರ್‌ಗೆ 4 ಚದರ ಮಿಲಿಮೀಟರ್ ವೈರ್, 20 ಆಂಪಿಯರ್ ಎಂಸಿಬಿ. 7.2 ಕಿಲೋವ್ಯಾಟ್‌ನ ಗೋಡೆ ಚಾರ್ಜರ್ 32 ಆಂಪಿಯರ್ ಎಳೆಯುವುದರಿಂದ ಅದಕ್ಕೆ ಕನಿಷ್ಠ 6, ದೂರ ಹೆಚ್ಚಿದ್ದರೆ 10 ಚದರ ಮಿಲಿಮೀಟರ್ ಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಅದರ ತೆಳು ವೈರನ್ನು ಸುತ್ತಿಟ್ಟಾಗ ಬಿಸಿ ಹೊರಹೋಗಲು ದಾರಿಯಿಲ್ಲ. ಮನೆಯ ಯುಪಿಎಸ್ ಲೈನ್‌ಗೂ ಸೇರಿಸಬಾರದು.

ಅಪಾರ್ಟ್‌ಮೆಂಟ್‌ಗಳಲ್ಲಿ ಮೀಟರ್ ರೂಮ್‌ನಿಂದ ಪಾರ್ಕಿಂಗ್‌ಗೆ 60 ಮೀಟರ್ ದೂರ ಇರುವುದು ಅಪರೂಪವಲ್ಲ. ಅಷ್ಟು ದೂರಕ್ಕೆ 2.5ರ ವೈರ್ ಎಳೆದರೆ ಹೋಗಿ ಬರುವ ದಾರಿಯ ರೋಧ ಹೆಚ್ಚುಕಡಿಮೆ 0.9 ಓಮ್. 15 ಆಂಪಿಯರ್‌ಗೆ 13-14 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, ವೈರ್ 200 ವ್ಯಾಟ್‌ನಷ್ಟು ಬಿಸಿ ಕಾರುತ್ತದೆ. ನೂರು ಯೂನಿಟ್‌ನಲ್ಲಿ ಆರು ಯೂನಿಟ್ ಪೈಪಿನೊಳಗೇ ಸೋರಿದ ಹಾಗೆ. 6ರ ವೈರ್ ಹಾಕಿದರೆ ನಷ್ಟ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಇನ್ನು ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ. ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಅಸಡ್ಡೆಗೆ ಗುರಿಯಾಗಿರುವುದು ಇದೇ. ಅನೇಕ ಚಾರ್ಜರ್‌ಗಳು ಅರ್ಥ್ ಸರಿಯಿಲ್ಲದಿದ್ದರೆ ಕೆಂಪು ದೀಪ ತೋರಿಸಿ ಚಾರ್ಜ್ ಮಾಡಲು ಒಪ್ಪುವುದಿಲ್ಲ. ಆಗ ಕೆಲವು ಎಲೆಕ್ಟ್ರಿಷಿಯನ್‌ಗಳು ಸಾಕೆಟ್‌ನ ಹಿಂದೆ ನ್ಯೂಟ್ರಲ್‌ಗೂ (ಕರೆಂಟ್ ಹಿಂದಿರುಗುವ ವೈರ್) ಅರ್ಥ್‌ಗೂ ಒಂದು ತುಂಡು ವೈರ್ ಸೇರಿಸಿ ‘ಸರಿಹೋಯ್ತು’ ಎನ್ನುತ್ತಾರೆ. ದೀಪ ಹಸಿರಾಗುತ್ತದೆ ನಿಜ. ಆದರೆ ಹಿಂದೆಲ್ಲೋ ಮೀಟರ್ ಬಳಿಯೋ ಕಂಬದಲ್ಲೋ ನ್ಯೂಟ್ರಲ್ ಬಿಟ್ಟುಹೋದರೆ, ಆ ತುಂಡು ವೈರ್ ಮೂಲಕ ಗಾಡಿಯ ಲೋಹದ ಭಾಗಕ್ಕೆಲ್ಲ 230 ವೋಲ್ಟ್ ಬರುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಗಾಡಿ ಮುಟ್ಟಿದವರ ಪ್ರಾಣ ಹೋಗಬಹುದು. ಯಾರೇ ಹೇಳಲಿ, ಎಷ್ಟೇ ಅವಸರವಿರಲಿ, ಇದನ್ನು ಮಾಡಿಸಬೇಡಿ.

ಅರ್ಥ್‌ನ ಪ್ರಾಥಮಿಕ ಪರೀಕ್ಷೆಗೆ ಮಲ್ಟಿಮೀಟರ್ ಸಾಕು. ಅಭ್ಯಾಸವಿಲ್ಲದವರು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಫೇಸ್ (ಕರೆಂಟ್ ಬರುವ ವೈರ್) ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್-ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ಥ್ ನಡುವೆ ಎರಡು ಮೂರು ವೋಲ್ಟ್‌ನೊಳಗೆ ಬರಬೇಕು. ಮನೆಯ ಲೋಡ್ ಆನ್ ಇರುವಾಗಲೇ ಅಳೆಯಿರಿ. ನ್ಯೂಟ್ರಲ್-ಅರ್ಥ್ ಹತ್ತು ದಾಟಿದರೆ ಅರ್ಥ್ ಗುಂಡಿ ಒಣಗಿರಬಹುದು, ಕ್ಲ್ಯಾಂಪ್ ತುಕ್ಕು ಹಿಡಿದಿರಬಹುದು ಅಥವಾ ನ್ಯೂಟ್ರಲ್ ಎಲ್ಲೋ ಸಡಿಲವಾಗಿರಬಹುದು. ಸೊನ್ನೆ ಎಂದರೆ ಸೊನ್ನೆಯೇ ಬಂದರೆ ಸಂತೋಷಪಡಬೇಡಿ. ಆ ತುಂಡು ವೈರ್ ಇದೆಯೇ ಎಂದು ಸಾಕೆಟ್ ಬಿಚ್ಚಿಸಿ ನೋಡಿ. ಹೊಸ ಗುಂಡಿ ತೆಗೆಸುವುದಾದರೆ ಎರಡೂವರೆ ಮೂರು ಮೀಟರ್ ಉದ್ದದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, ಸುತ್ತ ಇದ್ದಿಲು-ಉಪ್ಪು, ಬೇಸಿಗೆಯಲ್ಲಿ ನೀರು ಹಾಕಲು ಮೇಲೊಂದು ಬಾಯಿ. ರಾಯಚೂರು, ಕಲಬುರಗಿ ಕಡೆಯ ಬಿಸಿಲಿಗೆ ಮಣ್ಣು ಒಣಗಿ ಬಿರಿಯುವಾಗ ಆ ನೀರು ತಪ್ಪಿಸಬಾರದು.

ಅರ್ಥ್ ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದೊಡನೆ ಕಟ್ ಮಾಡುವ ಸ್ವಿಚ್, ಇರಲೇಬೇಕು. ಅಂಗಡಿಯಲ್ಲಿ ಸುಮ್ಮನೆ ಕೇಳಿದರೆ ಬರಿಯ ಎಸಿ ಸೋರಿಕೆಯನ್ನಷ್ಟೇ ಗುರುತಿಸುವ ಎಸಿ ಟೈಪ್ ಕೊಡಬಹುದು. ಚಾರ್ಜರ್‌ನೊಳಗೆ ಡಿಸಿ ಇರುವುದರಿಂದ ಎ ಟೈಪ್ ಎಂದೇ ಕೇಳಿ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.

ಮೂರು ಫೇಸ್ ಬರುವ ಮನೆಯಲ್ಲಿ ನ್ಯೂಟ್ರಲ್ ಕಟ್ಟಾದರೆ ಒಂದು ಫೇಸ್‌ನ ವೋಲ್ಟೇಜ್ 300 ದಾಟಿ 400ರತ್ತ ಏರಬಹುದು. ಚಾರ್ಜರ್ ಸುಡುವುದಕ್ಕೆ ಇದೊಂದು ದೊಡ್ಡ ಕಾರಣ. ಅಧಿಕ ವೋಲ್ಟೇಜ್ ಬಂದಾಗ ತಾನೇ ಕಟ್ ಮಾಡುವ ಪ್ರೊಟೆಕ್ಟರ್ ಹಾಕಿಸಿದರೆ ಮನೆಯ ಫ್ರಿಜ್, ಟಿವಿಯೂ ಉಳಿಯುತ್ತವೆ. ಮಲೆನಾಡು, ಕರಾವಳಿಯವರು ಹೊರಗಿನ ಸಾಕೆಟ್‌ಗೆ ಮಳೆ ತಡೆಯುವ ಮುಚ್ಚಳದ ಡಬ್ಬಿ ಹಾಕಿಸಿ, ವೈರನ್ನು ಡಬ್ಬಿಯ ಕೆಳಗಿನಿಂದಲೇ ಒಳಗೆ ತನ್ನಿ, ನೀರು ವೈರ್ ಹಿಡಿದು ಒಳಗಿಳಿಯದಂತೆ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ.

ಹೊಸ ಸಾಕೆಟ್‌ನಲ್ಲಿ ಮೊದಲ ಸಲ ಚಾರ್ಜ್ ಮಾಡುವಾಗ ಒಂದು ಗಂಟೆ ಬಿಟ್ಟು ಸ್ವಿಚ್ ಆಫ್ ಮಾಡಿ, ಪ್ಲಗ್‌ನ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ; ಕೈ ಇಡಲಾಗದಷ್ಟು ಬಿಸಿಯಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಮತ್ತೆ ಹಾಕಬೇಡಿ, ಸ್ಕ್ರೂ ಬಿಗಿ ಮಾಡಿಸಿ. ಕೆಲವು ತಿಂಗಳಿಗೊಮ್ಮೆ ಹೀಗೆ ನೋಡುತ್ತಿರಬೇಕು.

ಬಿಲ್ ವಿಷಯ. ದಿನಕ್ಕೆ 30 ಕಿಲೋಮೀಟರ್ ಓಡುವ ಸ್ಕೂಟರ್ ಸುಮಾರು ಒಂದು ಯೂನಿಟ್ ಬಳಸುತ್ತದೆ, ತಿಂಗಳಿಗೆ 30 ಎನ್ನಿ. ಗೃಹಜ್ಯೋತಿ ಇರುವ ಮನೆಗೆ ಹಿಂದಿನ ಸರಾಸರಿ ನೋಡಿ ನಿಗದಿ ಮಾಡಿದ ಮಿತಿ ಇರುತ್ತದೆ. ಅದನ್ನು ದಾಟಿದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ಹಣ. ಒಟ್ಟು ಬಳಕೆ 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಈಗಲೇ 180ರ ಹತ್ತಿರ ಇರುವವರು ಇದನ್ನು ಲೆಕ್ಕಕ್ಕೆ ಸೇರಿಸಿಕೊಂಡೇ ಗಾಡಿಯ ಖರ್ಚು ಹಾಕಬೇಕು. 7.2 ಕಿಲೋವ್ಯಾಟ್ ಚಾರ್ಜರ್ ಬಯಸುವವರು ಬಿಲ್‌ನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಅದು 3 ಕಿಲೋವ್ಯಾಟ್ ಎಂದಿದ್ದರೆ ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ನಿಮಗೆ ಯಾವುದೋ ಅಲ್ಲಿ, ಲೋಡ್ ಹೆಚ್ಚಿಸಲು ಮೊದಲು ಅರ್ಜಿ ಹಾಕಿ. ಚಾರ್ಜರ್ ಅದಾದ ಮೇಲೆ ಗೋಡೆಗೇರಲಿ.