ತೋಳು ಒಡ್ಡುವವನಿಗೆ ಎಷ್ಟು ಕೊಡಬೇಕು?

ಮೈಸೂರಿನಲ್ಲಿ ಜರ್ಮನ್ ಶೆಫರ್ಡ್ ಸಾಕಿಕೊಂಡಿರುವ ನನ್ನ ಸೋದರಮಾವ ಫೋನ್ ಮಾಡಿದಾಗಲೆಲ್ಲ ಕೇಳುವ ಪ್ರಶ್ನೆಯೊಂದಿದೆ: "ನಿಮ್ಮ ಜರ್ಮನಿಯಲ್ಲಿ ಈ ಕಚ್ಚೋ ಟ್ರೇನಿಂಗ್ ಮಾಡಿಸೋರಿಗೆ ತಿಂಗಳಿಗೆ ಎಷ್ಟು ಕೊಡ್ತೀಯೋ?" ಹೆಚ್ಚುಕಡಿಮೆ ಏನೂ ಇಲ್ಲ ಮಾವ ಎಂದರೆ ಅವರು ನಂಬುವುದಿಲ್ಲ. ಇಲ್ಲಿನ ಶ್ವಾನಕ್ರೀಡಾ ಕ್ಲಬ್‌ಗಳಲ್ಲಿ ಹೆಚ್ಚಿನವು ನೋಂದಾಯಿತ ಸಂಘಗಳು. ಸದಸ್ಯರು ವರ್ಷಕ್ಕೊಮ್ಮೆ ಚಂದಾ ಕಟ್ಟುತ್ತಾರೆ, ಮೈದಾನದ ಹುಲ್ಲು ಕೊಯ್ಯುವುದರಿಂದ ಹಿಡಿದು ಸ್ಪರ್ಧೆಯ ದಿನ ಕಾಫಿ ಕಾಯಿಸುವವರೆಗೆ ಎಲ್ಲವನ್ನೂ ತಾವೇ ಮಾಡುತ್ತಾರೆ. ನಾಯಿ ಕಚ್ಚಲೆಂದೇ ಮಾಡಿದ ದಪ್ಪ ಸ್ಲೀವನ್ನು ತೋಳಿಗೆ ತೊಟ್ಟು, ಓಡಿ ಬರುವ ನಾಯಿಗೆ ಎದುರಾಗಿ ನಿಲ್ಲುವವನೂ ಸಾಮಾನ್ಯವಾಗಿ ಅಂಥ ಒಬ್ಬ ಸದಸ್ಯನೇ. ಅವನಿಗೆ ಪೆಟ್ರೋಲ್ ಖರ್ಚು, ಒಂದು ಹೊತ್ತಿನ ಊಟ, ಕೆಲವು ಕಡೆ ಸಣ್ಣದೊಂದು ಗೌರವಧನ ಸಿಗುತ್ತದೆ.

ಈ ಕ್ರೀಡೆಯನ್ನು ಹಳಬರು ಇಂದಿಗೂ ಶುಟ್ಸ್‌ಹುಂಡ್ ಎನ್ನುತ್ತಾರೆ. ಅಂತಾರಾಷ್ಟ್ರೀಯ ನಿಯಮಾವಳಿಯಲ್ಲಿ 2019ರಿಂದ ಅದರ ಹೆಸರು ಐಜಿಪಿ. ವಾಸನೆಯ ಜಾಡು ಹಿಡಿಯುವುದು, ವಿಧೇಯತೆ, ರಕ್ಷಣೆ ಎಂಬ ಮೂರು ಭಾಗಗಳಿಗೆ ತಲಾ 100 ಅಂಕ. ಮೂರನೆಯ ಭಾಗದಲ್ಲಿ ನಾಯಿ ಮೈದಾನದ ಮರೆಗಳನ್ನು ಒಂದೊಂದಾಗಿ ಸುತ್ತಿ, ಸ್ಲೀವ್ ತೊಟ್ಟ ಆ ಸದಸ್ಯನನ್ನು, ಅಂದರೆ ಹೆಲ್ಪರ್‌ನನ್ನು, ಹುಡುಕಬೇಕು, ಸಿಕ್ಕಾಗ ಮುಟ್ಟದೆ ಬೊಗಳುತ್ತ ತಡೆದು ನಿಲ್ಲಿಸಬೇಕು, ಅವನು ಓಡಿದರೆ ಸ್ಲೀವ್ ಹಿಡಿಯಬೇಕು, ಮಾಲೀಕನ ಒಂದೇ ಮಾತಿಗೆ ಬಿಡಬೇಕು. ನೋಡುವವರ ಕಣ್ಣು ನಾಯಿಯ ಮೇಲಿರುತ್ತದೆ. ಕೆಲಸ ಗೊತ್ತಿರುವವರ ಕಣ್ಣು ಹೆಲ್ಪರ್‌ನ ಮೇಲಿರುತ್ತದೆ. ನಾಯಿಯ ಕಿವಿ, ಬಾಲ, ಬೊಗಳುವ ದನಿ ನೋಡಿ ಅದು ಆಟದ ಉತ್ಸಾಹದಲ್ಲಿದೆಯೋ ಒಳಗೊಳಗೇ ಹೆದರಿದೆಯೋ ಎಂಬುದನ್ನು ಅರೆಕ್ಷಣದಲ್ಲಿ ತಿಳಿದು, ಒತ್ತಡವನ್ನು ಎಷ್ಟು ಹೆಚ್ಚಿಸಬೇಕು, ಯಾವಾಗ ಇಳಿಸಬೇಕು, ಸ್ಲೀವನ್ನು ಯಾವ ಗಳಿಗೆಯಲ್ಲಿ ಗೆಲುವಿನ ಬಹುಮಾನವಾಗಿ ಬಿಟ್ಟುಕೊಡಬೇಕು ಎಂದು ತೀರ್ಮಾನಿಸುವವನು ಅವನೇ. ದೂರದಿಂದ ವೇಗವಾಗಿ ಬಂದೆರಗುವ ನಾಯಿಯನ್ನು ಅವನು ಗೋಡೆಯಂತೆ ನಿಂತು ತಡೆಯುವ ಹಾಗಿಲ್ಲ. ಆ ವೇಗಕ್ಕೆ ತಾನೂ ತಿರುಗಿ, ನಾಯಿಯ ಕತ್ತಿಗೂ ಬೆನ್ನಿಗೂ ಪೆಟ್ಟಾಗದಂತೆ ಅದನ್ನು ನೆಲಕ್ಕಿಳಿಸಬೇಕು. ಅಲ್ಲಿ ತಪ್ಪಿದರೆ ನಾಯಿಗೂ ಏಟು, ಅವನ ಭುಜಕ್ಕೂ ಏಟು. ಮನಸ್ಸಿನ ಮಟ್ಟದಲ್ಲಿ ತಪ್ಪಿದರೆ ಆಗುವ ಹಾನಿ ಇನ್ನೂ ದೊಡ್ಡದು, ಏಕೆಂದರೆ ಹೆದರಿಕೆಯಿಂದ ಕಚ್ಚುವುದನ್ನು ಕಲಿತ ನಾಯಿ ಅದನ್ನು ಮೈದಾನದಲ್ಲೇ ಬಿಟ್ಟು ಬರುವುದಿಲ್ಲ, ಮನೆಯ ಗೇಟಿನವರೆಗೂ ತರುತ್ತದೆ.

ಈ ಕ್ರೀಡೆಯ ಹಿಂದೆ ಹಣವಿಲ್ಲ ಎಂದುಕೊಳ್ಳಬೇಡಿ. 1899ರಲ್ಲಿ ಹುಟ್ಟಿದ ಜರ್ಮನ್ ಶೆಫರ್ಡ್ ಸಂಘ ಈ ಪರೀಕ್ಷೆಯನ್ನು ಬೆಳೆಸಿದ್ದೇ ತಳಿಯ ಗುಣವನ್ನು ಅಳೆಯುವುದಕ್ಕಾಗಿ. ಕುರಿ ಕಾಯುವ ಪರೀಕ್ಷೆಯಲ್ಲಿ ತೇರ್ಗಡೆಯಾದವುಗಳನ್ನು ಬಿಟ್ಟರೆ, ಸಂಘದ ಉನ್ನತ ತಳಿ ಆಯ್ಕೆಗೆ ಬರುವ ನಾಯಿಗೆ ಇಂದಿಗೂ ಈ ಕ್ರೀಡೆಯ ಮೊದಲ ಹಂತದ ಪದವಿಯಾದರೂ ಇರಬೇಕು. ಆ ಪದವಿಯ ಅಕ್ಷರಗಳು ವಂಶಾವಳಿ ಪತ್ರದಲ್ಲಿ ಕೂತ ಮೇಲೆ ಮರಿಯ ಬೆಲೆ ಏರುತ್ತದೆ; ನಮ್ಮ ದೇಶದ ಜಾಹೀರಾತುಗಳಲ್ಲೂ ಆಮದು ಮಾಡಿದ ತಂದೆ ನಾಯಿಯ ಹೆಸರಿನ ಮುಂದೆ ಅವು ದಪ್ಪಕ್ಷರದಲ್ಲಿರುತ್ತವೆ. ಮರಿ ಮಾರಿದವನಿಗೆ ಹಣ, ತೀರ್ಪು ಕೊಟ್ಟವನಿಗೆ ಗೌರವ, ತೋಳು ಒಡ್ಡಿದವನಿಗೆ ಮೊಣಕೈ ನೋವು. ಈ ಲೆಕ್ಕ ನನಗೆ ಎಂದೂ ಸರಿಯೆನಿಸಿಲ್ಲ.

ಇನ್ನು ಪರವಾನಗಿಯ ಕಥೆ. ಜರ್ಮನಿಯ ಪ್ರಾಣಿ ರಕ್ಷಣಾ ಕಾಯ್ದೆಯ 11ನೆಯ ಕಲಮಿನ ಪ್ರಕಾರ, ಬೇರೆಯವರ ನಾಯಿಗಳನ್ನು ವೃತ್ತಿಯಾಗಿ ತರಬೇತುಗೊಳಿಸುವವರು, ಅಥವಾ ನಾಯಿಯನ್ನು ಹೇಗೆ ತರಬೇತುಗೊಳಿಸಬೇಕೆಂದು ಮಾಲೀಕರಿಗೆ ಹಣಕ್ಕಾಗಿ ಹೇಳಿಕೊಡುವವರು, 2014ರ ಆಗಸ್ಟ್ 1ರಿಂದ ತಮ್ಮ ಜಿಲ್ಲೆಯ ಪಶುವೈದ್ಯ ಕಚೇರಿಯ ಅನುಮತಿ ಪಡೆಯಲೇಬೇಕು. ಅದಕ್ಕಾಗಿ ಅಧಿಕಾರಿಗಳು ಜ್ಞಾನವನ್ನೂ ಅನುಭವವನ್ನೂ ಪರೀಕ್ಷಿಸುತ್ತಾರೆ. ಅನುಮತಿಯಿಲ್ಲದೆ ಕೆಲಸ ಮಾಡಿದರೆ 25,000 ಯೂರೋವರೆಗೆ ದಂಡ. ಈ ನಿಯಮ ಹಿಡಿದುಕೊಂಡಿರುವುದು ಹಣದ ಎಳೆಯನ್ನು. ನಾಯಿಮರಿಗೆ ಕೂರುವುದನ್ನು, ನಿಲ್ಲುವುದನ್ನು ಕಲಿಸಿ ಶುಲ್ಕ ಪಡೆಯುವ ಹೆಂಗಸಿಗೆ ಸರ್ಕಾರದ ಪರೀಕ್ಷೆ ಇದೆ. ಬೇರೆಯವರ ನಾಯಿಗಳನ್ನು ರಕ್ಷಣೆಗಾಗಿ ತರಬೇತುಗೊಳಿಸುವವರಿಗೆ ಮಾತ್ರ ಅದೇ ಕಲಮಿನ ಇನ್ನೊಂದು ಭಾಗ ಹಣದ ಪ್ರಶ್ನೆ ಎತ್ತದೆಯೇ ಅನುಮತಿಯನ್ನು ಕಡ್ಡಾಯ ಮಾಡುತ್ತದೆ. 

ಸಂಘಗಳು ಕೈಕಟ್ಟಿ ಕೂತಿವೆ ಎಂದರೆ ಅನ್ಯಾಯವಾದೀತು. ಹೆಲ್ಪರ್‌ಗಳಿಗೆ ಅವುಗಳದೇ ತರಬೇತಿ, ಪರೀಕ್ಷೆ, ಗುರುತಿನ ಪತ್ರ ಇವೆ, ಮತ್ತು ಸ್ಪರ್ಧೆಯಲ್ಲಿ ನಿಲ್ಲುವವನು ಅವುಗಳ ಮೂಲಕವೇ ಬರಬೇಕು. ಆದರೆ ಅದು ಸಂಘದೊಳಗಿನ ಶಿಸ್ತು. ಸಂಘಕ್ಕೆ ಸೇರದೆ ಊರಾಚೆ ಜಾಗ ಹಿಡಿದು ಗೆಳೆಯರ ನಾಯಿಗಳನ್ನು ಕೆರಳಿಸುವವನ ಮೇಲೆ ಅದಕ್ಕೆ ಯಾವ ಅಧಿಕಾರವೂ ಇಲ್ಲ.

ಹಣ ಕೊಡುವುದಕ್ಕೆ ತೆರಿಗೆ ನಿಯಮವೂ ಅಡ್ಡ ನಿಲ್ಲುತ್ತದೆ. ಸಂಘದಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸುವವನು ವರ್ಷಕ್ಕೆ ಇಷ್ಟು ಮೊತ್ತದವರೆಗೆ ತೆರಿಗೆಯಿಲ್ಲದೆ ಪಡೆಯಬಹುದು. 2021ರಲ್ಲಿ ಆ ಮಿತಿಯನ್ನು 3,000 ಯೂರೋಗೆ ಏರಿಸಲಾಯಿತು. ಪ್ರಾಣಿಗಳನ್ನು ತರಬೇತುಗೊಳಿಸುವ ಕೆಲಸ ಈ ರಿಯಾಯಿತಿಗೆ ಸೇರದು ಎಂದು ತೆರಿಗೆ ಇಲಾಖೆಯ ಮಾರ್ಗಸೂಚಿ ಹೇಳುತ್ತದೆ, ರೇಸಿನ ಕುದುರೆಯನ್ನೂ ಸೇವಾ ನಾಯಿಯನ್ನೂ ಉದಾಹರಿಸಿ. ಅಂಥವರಿಗೆ ಉಳಿಯುವುದು ಸಾಮಾನ್ಯ ಸ್ವಯಂಸೇವಕರ ಚಿಕ್ಕ ರಿಯಾಯಿತಿ. ಅದು ಅದೇ ವರ್ಷ 840 ಯೂರೋಗೆ ಏರಿತು. ಕ್ಲಬ್‌ನ ಖಜಾಂಚಿಗಳು ಹೆಲ್ಪರ್‌ಗೆ ಸರಿಯಾದ ಸಂಭಾವನೆ ಕೊಡಲು ಹಿಂಜರಿಯುವುದರಲ್ಲಿ ಆಶ್ಚರ್ಯವಿಲ್ಲ. 

ಹಣವನ್ನು ಲೆಕ್ಕಿಸದೆ ಕೃತ್ಯವನ್ನೇ ನಿಯಂತ್ರಿಸುವುದು ಇದೇ ಜರ್ಮನಿಗೆ ಚೆನ್ನಾಗಿ ಗೊತ್ತು. ತರಬೇತಿಯಲ್ಲಿ ಕರೆಂಟ್ ಕಾಲರ್ ಬಳಸುವಂತಿಲ್ಲವೆಂದು ಅಲ್ಲಿನ ಸರ್ವೋಚ್ಚ ಆಡಳಿತ ನ್ಯಾಯಾಲಯ 2006ರಲ್ಲೇ ಹೇಳಿತ್ತು. 2022ರ ಜನವರಿ 1ರಿಂದ ಮುಳ್ಳಿನ ಕಾಲರ್ ಕೂಡ ನಿಷಿದ್ಧ. ಸಂಬಳಕ್ಕಾಗಿ ಬಳಸಿದರೂ ತಪ್ಪು, ಹವ್ಯಾಸಕ್ಕಾಗಿ ಬಳಸಿದರೂ ತಪ್ಪು, ಪೊಲೀಸರು ಬಳಸಿದರೂ ತಪ್ಪು. ಬರ್ಲಿನ್ ಪೊಲೀಸರ ರಕ್ಷಣಾ ನಾಯಿಗಳು ಆ ಜನವರಿಯಲ್ಲಿ ಕೆಲಸವಿಲ್ಲದೆ ಕೂರಬೇಕಾಯಿತು. 

ಫ್ರಾನ್ಸ್ ಬೇರೆ ದಾರಿ ಹಿಡಿಯಿತು, ಅದೇ ನನಗೆ ಹೆಚ್ಚು ಒಪ್ಪಿಗೆ. 1999ರ ಜನವರಿಯ ಕಾಯ್ದೆಯ ಪ್ರಕಾರ ಅಲ್ಲಿ ಕಚ್ಚುವ ತರಬೇತಿಗೆ ಎರಡೇ ಕಡೆ ಅವಕಾಶ: ಕೃಷಿ ಸಚಿವಾಲಯ ಮಾನ್ಯ ಮಾಡಿದ ಸಂಘದ ಮೇಲ್ವಿಚಾರಣೆಯಲ್ಲಿ ನಡೆಯುವ ತಳಿ ಆಯ್ಕೆಯ ಚಟುವಟಿಕೆಯಲ್ಲಿ, ಮತ್ತು ಕಾವಲು, ಭದ್ರತೆ, ಹಣ ಸಾಗಣೆಯ ವೃತ್ತಿಗಳಲ್ಲಿ. ತರಬೇತುದಾರನೂ, ಆ ಚಟುವಟಿಕೆಯ ಹೊಣೆ ಹೊತ್ತವರೂ ಸರ್ಕಾರದಿಂದ ಸಾಮರ್ಥ್ಯ ಪ್ರಮಾಣಪತ್ರ ಪಡೆದಿರಬೇಕು. ನನಗೆ ತುಂಬ ಹಿಡಿಸಿದ್ದು ಅದರ ಮುಂದಿನ ಸಾಲು. ಕಚ್ಚುವ ತರಬೇತಿಯ ಸಾಮಗ್ರಿಯನ್ನು ಪ್ರಮಾಣಪತ್ರವಿಲ್ಲದವರು ಕೊಳ್ಳುವಂತಿಲ್ಲ, ಉಚಿತವಾಗಿ ಪಡೆಯುವಂತೆಯೂ ಇಲ್ಲ. ಮಾರುವವನು ಮೊದಲು ಪ್ರಮಾಣಪತ್ರ ನೋಡಬೇಕು, ಮಾರಾಟವನ್ನು ಪ್ರತ್ಯೇಕ ವಹಿಯಲ್ಲಿ ಬರೆದಿಡಬೇಕು, ಪೊಲೀಸರು ಕೇಳಿದಾಗ ತೋರಿಸಬೇಕು. ಮೀರಿದರೆ ಆರು ತಿಂಗಳ ಸೆರೆ ಮತ್ತು 7,500 ಯೂರೋ ದಂಡದವರೆಗೂ ಹೋಗಬಹುದು. ಇಲ್ಲಿ ಯಾರು ಎಷ್ಟು ಪಡೆದರು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಹಣ ಬಂದರೆ ಕ್ಲಬ್‌ನ ಸ್ನೇಹ ಕೆಡುತ್ತದೆ ಎನ್ನುವ ಹಿರಿಯ ಸದಸ್ಯರು ನಮ್ಮಲ್ಲೂ ಇದ್ದಾರೆ. ಅವರ ಆತಂಕ ಪೂರ್ತಿ ಸುಳ್ಳಲ್ಲ: ನಾಯಿಯೊಂದಕ್ಕೆ ಇಷ್ಟು ಎಂದು ಎಣಿಸಿ ಕೊಡತೊಡಗಿದರೆ, ಇವತ್ತು ಈ ನಾಯಿಗೆ ಕೆಲಸ ಬೇಡ, ದಣಿದಿದೆ ಎಂದು ಹೇಳುವ ಧೈರ್ಯ ಹೆಲ್ಪರ್‌ಗೆ ಕಡಿಮೆಯಾದೀತು. ಹಾಗಾಗಿ ಸಂಭಾವನೆಯನ್ನು ಅವನು ಬಂದ ದಿನಕ್ಕೆ ಲೆಕ್ಕ ಹಾಕಬೇಕು, ಅದನ್ನು ನಾಯಿಯ ಮಾಲೀಕನಲ್ಲ, ಸಂಘ ಕೊಡಬೇಕು, ಜೊತೆಗೆ ಅಪಘಾತ ವಿಮೆಯ ಕಂತನ್ನೂ ಸಂಘವೇ ಕಟ್ಟಬೇಕು ಎಂಬುದು ನನ್ನ ವಾದ. ಅದರಿಂದ ಚಂದಾ ಏರುತ್ತದೆ, ನಿಜ. ನಾಯಿಯ ಆಹಾರಕ್ಕೆ ತಿಂಗಳು ತಿಂಗಳೂ ಸುರಿಯುವವರು ಇದಕ್ಕೆ ಮುಖ ಸಿಂಡರಿಸುವುದನ್ನು ನೋಡಿದರೆ ನನಗೆ ನಗು ಬರುತ್ತದೆ.

ಮಾವನ ಪ್ರಶ್ನೆ ಹಿಡಿದು ನಮ್ಮೂರಿನತ್ತ ನೋಡಿದರೆ ಚಿತ್ರ ತಲೆಕೆಳಗು. ಅಲ್ಲಿ ಹಣವಿದೆ, ಪರವಾನಗಿ ಯಾವ ಬಗೆಯದೂ ಇಲ್ಲ. 2017ರ ನಿಯಮಗಳು ತಳಿ ಬೆಳೆಸುವವರನ್ನೂ 2018ರವು ಸಾಕುಪ್ರಾಣಿ ಅಂಗಡಿಗಳನ್ನೂ ನೋಂದಣಿಗೆ ಒಳಪಡಿಸಿದವು. ತರಬೇತುದಾರರನ್ನು ಎರಡೂ ಮುಟ್ಟಲಿಲ್ಲ. ತರಬೇತಿಯ ಹೆಸರಿನಲ್ಲಿ ನಾಯಿಯನ್ನು ಬಡಿದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿ ದಂಡ, ಅದು ಬೆಂಗಳೂರಿನಲ್ಲಿ ಎರಡು ಕಾಫಿಗೂ ಸಾಲದು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೈಲರ್, ಪಿಟ್‌ಬುಲ್ ಮೊದಲಾದ ತಳಿಗಳನ್ನೇ ನಿಷೇಧಿಸಹೊರಟ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ರದ್ದು ಮಾಡಿತು. ಆ ಸುತ್ತೋಲೆ ನೋಡಿದ್ದು ನಾಯಿ ಯಾವ ಜಾತಿಯದು ಎಂಬುದನ್ನು; ಅದಕ್ಕೆ ಕಚ್ಚಲು ಕಲಿಸಿದವರು ಯಾರು ಎಂಬುದನ್ನಲ್ಲ. ಸ್ಲೀವ್ ಮಾತ್ರ ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ತರಿಸಿಕೊಳ್ಳಬಹುದು.

ಫ್ರಾನ್ಸಿನ ವಹಿಯಿಂದಲೇ ನಾವು ಮೊದಲು ಮಾಡಬಹುದು. ಮಾರುವವರು ಕೊಂಡವರ ಹೆಸರು ಬರೆದಿಡುವುದಕ್ಕೆ ಸರ್ಕಾರಕ್ಕೆ ದೊಡ್ಡ ಖರ್ಚಿಲ್ಲ. ಪ್ರಮಾಣಪತ್ರದ ಮಾತು ಬಂದಾಗ, ಪರೀಕ್ಷಿಸುವವರು ಯಾರು ಎಂಬ ತೊಡಕು ಎದುರಾಗುತ್ತದೆ, ಏಕೆಂದರೆ ಸ್ಲೀವ್ ಮುಟ್ಟಿಯೇ ನೋಡದ ಅಧಿಕಾರಿ ಕೊಡುವ ಕಾಗದಕ್ಕೆ ಬೆಲೆಯಿಲ್ಲ. ಆದರೆ ಬೆಂಗಳೂರಿನ ಹೊರವಲಯದ ತರಳುವಿನಲ್ಲಿ ಸಿಆರ್‌ಪಿಎಫ್‌ನ ನಾಯಿ ತಳಿ ಮತ್ತು ತರಬೇತಿ ಶಾಲೆಯೇ ಇದೆ, ಅಲ್ಲಿ ಬೆಲ್ಜಿಯನ್ ಮ್ಯಾಲಿನ್ವಾ ನಾಯಿಗಳನ್ನು ಬೆಳೆಸಿ ಪಳಗಿಸುತ್ತಾರೆ. ಸೇನೆ, ಪೊಲೀಸ್ ಶ್ವಾನದಳಗಳಿಂದ ನಿವೃತ್ತರಾದವರೂ ರಾಜ್ಯದಲ್ಲಿದ್ದಾರೆ. ಅವರಲ್ಲಿ ಇಬ್ಬರನ್ನು ಒಬ್ಬ ಪಶುವೈದ್ಯರ ಜೊತೆ ಕೂರಿಸಿ, ಅಭ್ಯರ್ಥಿಗೆ ಒಂದು ಅಂಜುಬುರುಕ ನಾಯಿಯನ್ನೂ ಒಂದು ಧೈರ್ಯದ ನಾಯಿಯನ್ನೂ ಕೊಟ್ಟು, ಯಾವುದಕ್ಕೆ ಸ್ಲೀವ್ ತೋರಿಸುವುದೇ ಬೇಡ ಎಂದು ಅವನು ಹೇಳಬಲ್ಲನೇ ಎಂಬುದನ್ನು ಮೊದಲು ನೋಡಬೇಕು.