ಹಳೆಯ ತಂಡ ಹೊಸ ದನಿ ಹುಡುಕುವಾಗ

ವರ್ಷಗಟ್ಟಲೆ ಜೊತೆಯಾಗಿ ನುಡಿಸಿದ ತಂಡವೊಂದು ‘ಈ ಸಲ ಬೇರೆ ರೀತಿ ಮಾಡೋಣ’ ಎಂದು ಸ್ಟುಡಿಯೋಗೆ ಬಂದರೆ, ಸಂಗೀತಕ್ಕಿಂತ ಮೊದಲು ಅಲುಗಾಡುವುದು ತಂಡದಲ್ಲಿ ಒಬ್ಬೊಬ್ಬರಿಗಿರುವ ಜಾಗ. ಬೆಂಗಳೂರಿನ ಸ್ಟುಡಿಯೋವೊಂದರಲ್ಲಿ ಧ್ವನಿಮುದ್ರಣ ಮಾಡುತ್ತಾ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಆದರೆ ಕಂಡದ್ದು ಅರ್ಥವಾಗಿದ್ದು ಐರ್ಲೆಂಡಿನ ಯು2 ತಂಡ ‘ಆಖ್ಟುಂಗ್ ಬೇಬಿ’ ಆಲ್ಬಂ ಮಾಡಿದ ಕಥೆಯನ್ನು ವಿವರವಾಗಿ ಓದಿದ ಮೇಲೆ.

1976ರಲ್ಲಿ ಡಬ್ಲಿನ್ನಿನ ಶಾಲೆಯಲ್ಲಿ ಕೂಡಿಕೊಂಡ ಹುಡುಗರು 1987ರ ‘ದಿ ಜೋಶುವಾ ಟ್ರೀ’ಯಿಂದ ಲೋಕಪ್ರಸಿದ್ಧರಾದರು. ಮರುವರ್ಷದ ‘ರ್‍ಯಾಟಲ್ ಅಂಡ್ ಹಮ್’ ಚೆನ್ನಾಗಿ ಮಾರಾಟವಾದರೂ ವಿಮರ್ಶಕರು ಅದರಲ್ಲಿ ಕಂಡದ್ದು ದೊಡ್ಡಸ್ತಿಕೆಯನ್ನು. 1989ರ ಕೊನೆಯಲ್ಲಿ ತವರೂರಿನ ವೇದಿಕೆಯ ಮೇಲಿಂದಲೇ ಗಾಯಕ ಬೊನೊ, ನಾವು ಎಲ್ಲವನ್ನೂ ಮತ್ತೆ ಹೊಸದಾಗಿ ಕನಸಬೇಕಾಗಿದೆ ಎಂದರು. 1990ರ ಅಕ್ಟೋಬರಿನಲ್ಲಿ, ಜರ್ಮನಿ ಒಂದಾಗುತ್ತಿದ್ದ ದಿನಗಳಲ್ಲೇ, ಅವರು ಬರ್ಲಿನ್ನಿನ ಹಾನ್ಸಾ ಸ್ಟುಡಿಯೋ ಸೇರಿದರು.

ಅಲ್ಲಿ ಹಾಡುಗಳು ಹುಟ್ಟಲಿಲ್ಲ, ಜಗಳ ಹುಟ್ಟಿತು. ಬೊನೊ ಮತ್ತು ಗಿಟಾರ್ ವಾದಕ ಎಡ್ಜ್ ಅವರಿಗೆ ಕಾರ್ಖಾನೆಯ ಸದ್ದಿನಂಥ ಕರ್ಕಶ ನಾದ, ಎಲೆಕ್ಟ್ರಾನಿಕ್ ಕುಣಿತದ ಲಯ ಬೇಕಿತ್ತು. ಬಾಸ್ ನುಡಿಸುವ ಆ್ಯಡಂ ಕ್ಲೇಟನ್, ಡ್ರಮ್ಸ್ ನುಡಿಸುವ ಲ್ಯಾರಿ ಮಲ್ಲನ್ ಇಬ್ಬರಿಗೂ ಅದು ಒಗ್ಗಲಿಲ್ಲ. ತಾನೇ ತಾಳ ಬಾರಿಸುವ ಯಂತ್ರವಾದ ಡ್ರಮ್ ಮಷೀನಿನ ಬಳಕೆ ಹೆಚ್ಚಿದಷ್ಟೂ ತನ್ನ ಪಾಲು ಕಿರಿದಾಗುತ್ತಿದೆ ಎಂದು ಲ್ಯಾರಿಗೆ ಅನ್ನಿಸಿತು. ಈ ಮಾತು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಸ್ಟುಡಿಯೋದ ಎಷ್ಟೋ ವಾದಗಳ ಬುಡದಲ್ಲಿ ಇರುವುದು ಇದೇ ಅಳುಕು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ‘ಟೆಂಪೋ ಸರಿಯಿಲ್ಲ’ ಎನ್ನುತ್ತಾರೆ.

ಬಿಕ್ಕಟ್ಟು ಸಡಿಲಿದ ಬಗೆ ನನಗೆ ಬಹಳ ಇಷ್ಟ. ‘ಸಿಕ್ ಪಪ್ಪಿ’ ಎಂದು ಕರೆಯುತ್ತಿದ್ದ ಅರೆಬೆಂದ ಹಾಡೊಂದರ ನಡುವಣ ಭಾಗಕ್ಕೆಂದು ಎಡ್ಜ್ ಎರಡು ಬೇರೆ ಬೇರೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಸಾಲುಗಳನ್ನು ಹೊಂದಿಸಿದ್ದರು. ಎರಡನ್ನೂ ಒಂದರ ಹಿಂದೊಂದು ನುಡಿಸಿ ನೋಡಿ ಎಂದವರು ನಿರ್ಮಾಪಕ ಡೇನಿಯಲ್ ಲನ್ವಾ. ಎಡ್ಜ್ ನುಡಿಸಿದರು, ಉಳಿದವರು ಕೂಡಿಕೊಂಡರು, ಬೊನೊ ಅಲ್ಲೇ ಹಾಡತೊಡಗಿದರು. ‘ಒನ್’ ಹುಟ್ಟಿದ್ದು ಹಾಗೆ. ಹೊಸ ದಾರಿ ಯಾವುದು ಎಂಬ ಚರ್ಚೆ ಅಲ್ಲಿಗೆ ಮುಗಿದಿರಲಿಲ್ಲ, ಆದರೆ ನಾಲ್ವರ ಕೈಗೂ ಮತ್ತೆ ಕೆಲಸ ಸಿಕ್ಕಿತ್ತು.

ಇನ್ನೊಬ್ಬ ನಿರ್ಮಾಪಕ ಬ್ರಯಾನ್ ಈನೊ ಅವರ ರೀತಿಯೇ ಬೇರೆ. ಅವರು ಆಗಾಗ ಮಾತ್ರ ಬರುತ್ತಿದ್ದರು, ನಡುವಣ ಟೇಪುಗಳನ್ನು ಬೇಕೆಂದೇ ಕೇಳುತ್ತಿರಲಿಲ್ಲ. ಬಂದವರೇ ಹೊಸ ಕಿವಿಯಿಂದ ಕೇಳಿ, ತೀರಾ ಹಳೆಯ ಯು2ನಂತೆ ಕೇಳಿಸುವುದನ್ನು ತೆಗೆಸುತ್ತಿದ್ದರು. ಒಳಗಿದ್ದವರಿಗೆ ಕೇಳದ ಹಳತು ಹೊರಗಿನಿಂದ ಬಂದವರಿಗೆ ಥಟ್ಟನೆ ಕೇಳುತ್ತದೆ.

ನಮ್ಮಲ್ಲಿಗೆ ಬರುವ ಒಂದು ತಂಡ ತತ್ವಪದ, ವಚನಗಳನ್ನು ಗಿಟಾರ್, ಡ್ರಮ್ಸ್ ಜೊತೆ ಹಾಡುತ್ತದೆ. ಅವರ ಹಾಡಿನ ನಡೆ ಕೇಳುಗರಿಗೆ ಬಾಯಿಪಾಠ: ನಿಧಾನದ ಆಲಾಪ, ಪಲ್ಲವಿ, ಎರಡನೇ ಚರಣಕ್ಕೆ ಡ್ರಮ್ಸ್. ಈ ಸಲ ಗಿಟಾರ್ ವಾದಕ ಲ್ಯಾಪ್‌ಟಾಪ್ ತುಂಬ ಸಿದ್ಧ ಲಯಗಳನ್ನು ತಂದಿದ್ದ. ಡ್ರಮ್ಸ್ ಹುಡುಗ ಮಾತು ಕಡಿಮೆ ಮಾಡಿ ಮೊಗಸಾಲೆಯಲ್ಲೇ ಹೆಚ್ಚು ಹೊತ್ತು ಕಳೆಯತೊಡಗಿದ. ನಾನು ಅವನ ತಮಟೆ ತರಿಸಿದೆ. ಹಿತ್ತಲಲ್ಲಿ ಹಳೆಯ ಪತ್ರಿಕೆಗಳನ್ನು ಉರಿಸಿ ಚರ್ಮ ಕಾಯಿಸಿ, ಒಂದು ಮೈಕ್ ಹತ್ತಿರ, ಇನ್ನೊಂದನ್ನು ಮೆಟ್ಟಿಲ ಬುಡದಲ್ಲಿಟ್ಟು, ಅವನಿಗೆ ತೋಚಿದಷ್ಟು ಹೊತ್ತು ಬಾರಿಸಲು ಬಿಟ್ಟೆ. ಅದರಲ್ಲಿ ಎರಡು ಆವರ್ತ ಕತ್ತರಿಸಿ, ವೇಗ ಇಳಿಸಿ, ಗಿಟಾರಿನ ಆಂಪ್ಲಿಫೈಯರ್ ಮೂಲಕ ಹಾಯಿಸಿದೆ. ಮೆಟ್ಟಿಲಿನ ಗುಂಗು ಸೇರಿ ಅದು ಗುಡುಗಿದಂತೆ ಕೇಳಿತು. ಅವನು ಹೆಡ್‌ಫೋನ್ ತೆಗೆದು, ‘ಅಣ್ಣಾ, ಇದು ನನ್ನ ಕೈಯೇ ಅಲ್ಲವೇ?’ ಎಂದ. ಗಿಟಾರ್ ವಾದಕ ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು ಅದರ ಮೇಲೆ ನುಡಿಸತೊಡಗಿದ. ಆಲಾಪವನ್ನು ಬಿಡೋಣ ಎಂದು ಗಾಯಕಿಯೇ ಹೇಳಿದರು.

ಈನೊ ಅವರ ಉಪಾಯವನ್ನೂ ಬಳಸುತ್ತೇವೆ. ಕೆಲಸದ ನಡುವೆ ಒಂದನ್ನೂ ಕೇಳಿರದ ಸಹೋದ್ಯೋಗಿಯೊಬ್ಬರನ್ನು ಕರೆದು, ವಿವರಣೆ ಕೊಡದೆ, ಎಲ್ಲವನ್ನೂ ಒಮ್ಮೆ ಕೇಳಿಸುತ್ತೇವೆ. ಕೈಬಿಟ್ಟ ತುಣುಕುಗಳನ್ನು ಅಳಿಸುವುದಿಲ್ಲ, ಹೆಸರಿಟ್ಟು ಕಾಪಾಡುತ್ತೇವೆ.

ಯು2 ತಂಡದ್ದೇ 1997ರ ‘ಪಾಪ್’ ಈ ಪಾಠದ ಇನ್ನೊಂದು ಮುಖ. ಬೆನ್ನಿನ ಶಸ್ತ್ರಚಿಕಿತ್ಸೆಯಿಂದ ಲ್ಯಾರಿ ದೂರವಿದ್ದಾಗಲೇ ಲೂಪುಗಳ, ಅಂದರೆ ಮತ್ತೆ ಮತ್ತೆ ಮರಳುವ ಮುದ್ರಿತ ತುಣುಕುಗಳ, ಮೇಲೆ ಹಾಡು ಕಟ್ಟುವ ಕೆಲಸ ಶುರುವಾಯಿತು. ಆಲ್ಬಂ ಮುಗಿಯುವ ಮೊದಲೇ ಪ್ರವಾಸದ ಕಛೇರಿಗಳು ನಿಗದಿಯಾದವು. ಏಪ್ರಿಲ್ 25ಕ್ಕೆ ಲಾಸ್ ವೇಗಸ್‌ನಲ್ಲಿ ಮೊದಲ ಕಛೇರಿ. ಆತುರದಲ್ಲಿ ಮುಗಿಸಿ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದರು. ಮುಂದೆ 2002ರ ಆಯ್ದ ಹಾಡುಗಳ ಸಂಗ್ರಹಕ್ಕೆ ಅದರ ಕೆಲವು ಹಾಡುಗಳನ್ನು ಮತ್ತೆ ಮಿಕ್ಸ್ ಮಾಡಬೇಕಾಯಿತು. ‘ಪಾಪ್’ನಲ್ಲಿ ಧೈರ್ಯ ಕಡಿಮೆಯಿತ್ತು ಎಂದು ನಾನು ಒಪ್ಪುವುದಿಲ್ಲ. ಅದಕ್ಕೆ ದಕ್ಕದೆ ಹೋದದ್ದು ಸಮಯ, ಮತ್ತು ಆರಂಭದಲ್ಲಿ ನಾಲ್ವರೂ ಒಂದೇ ಕೋಣೆಯಲ್ಲಿ ಇರುವ ಅವಕಾಶ.

ನಮ್ಮ ತಂಡದ ಆಲ್ಬಮ್ಮಿಗೆ ಹಣ ಹಾಕಿದವರು ದಸರಾ ಹೊತ್ತಿಗೆ ಬಿಡುಗಡೆ ಆಗಲಿ ಎಂದು ಕೇಳುತ್ತಿದ್ದಾರೆ. ಎಲ್ಲ ಹಾಡುಗಳನ್ನೂ ತಂಡದವರೆಲ್ಲ ಒಟ್ಟಿಗೆ ಕುಳಿತು ಮೊದಲಿಂದ ಕೊನೆಯವರೆಗೆ ನುಡಿಸಿದ ದಿನವೇ ತಾರೀಖು ತಿಳಿಸುತ್ತೇವೆ ಎಂದು ಅವರಿಗೆ ಹೇಳಿದ್ದೇನೆ. ಇನ್ನೂ ಎರಡು ಹಾಡು ಕುದುರಬೇಕು.